ಪಂಪುಸೆಟ್ಟಿನ ‘ಅರ್ಥ್’: ಆ ಮಾತಿನ ಅರ್ಥವೂ ಉಪಯೋಗವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಬೇಸಾಯವು ಮಳೆಯನ್ನು ನಂಬಿ ನಡೆಯತಕ್ಕದ್ದಲ್ಲವೆಂಬುದು ಇಲ್ಲಿಯ ಭೂಮಾಲಿಕರಿಗೆ ಹೇಳಬೇಕಾದ ಮಾತಲ್ಲ. ೧೮೯೮ರಲ್ಲಿ ಪ್ರಾರಂಭವಾಗಿ ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆ, ಎಂದರೆ ವಾಣೀವಿಲಾಸ ಸಾಗರವು, ವೇದಾವತಿಯ ಕೆಳಪಾತ್ರದ ಒಂದಿಷ್ಟು ನೆಲಕ್ಕೆ ನೀರನ್ನು ಒದಗಿಸುತ್ತಿರುವುದು ನಿಜ. ಉಳಿದ ಕಡೆಗಳಲ್ಲೆಲ್ಲಾ ಅಡಕೆಯಾಗಲಿ, ತೆಂಗಾಗಲಿ, ದಾಳಿಂಬೆಯಾಗಲಿ ಬದುಕಿರುವುದು ಕೊಳವೆಬಾವಿಯಿಂದ. ಕೊಳವೆಬಾವಿ ನಡೆಯುವುದು ವಿದ್ಯುಚ್ಛಕ್ತಿಯಿಂದ. ಆದಕಾರಣ ಗೊಬ್ಬರ, ಬಿತ್ತನೆ, ರೋಗನಿವಾರಣೆಗಳನ್ನು ಕುರಿತು ಬರೆಯುವ ಈ ಪತ್ರಿಕೆಯಲ್ಲಿ ವಿದ್ಯುತ್ತಿನ ಒಂದು ಮಾತನ್ನು ಕುರಿತು ಬರೆಯುವುದು ಅಪ್ರಸ್ತುತವೆನಿಸಲಾರದೆಂದು ನಂಬಿದ್ದೇನೆ. ಆ ಮಾತು ‘ಅರ್ಥ್’ ಎಂಬುದು.

ತೋಟಗಳ ತನಿಖೆಗೆ ಹೋದಾಗ ಈ ಮಾತನ್ನು ಜನರು ಮೂರು ವಿಧವಾಗಿ ಬಳಸುವುದನ್ನು ಕೇಳಿರುತ್ತೇನೆ. ‘ಮೋಟಾರಿಗೆ ಅರ್ಥ್ ಕೊಟ್ಟಿದ್ದೇವೆ’ ಎಂದರೆ ಯಂತ್ರದ ಕಬ್ಬಿಣದ ಮೈಯಿಂದ ಒಂದು ತಂತಿಯನ್ನು ಎಳೆದು ನೆಲದಲ್ಲಿ ಹೂತ ಕೊಳವೆಗೆ ಕಟ್ಟಿದ್ದೇವೆಂದು ತಾತ್ಪರ್ಯ. ‘ಮೋಟಾರು ಅರ್ಥ್ ಆಗಿದೆ’ ಎಂದರೆ ಒಳಗಿನ ಸುರುಳಿಯ ಹೊದಿಕೆ ಸುಟ್ಟು, ವಿದ್ಯುತ್ತು ಯಂತ್ರದ ಮೈಗೆ ಬಂದಿದೆಯೆಂದು ತಾತ್ಪರ್ಯ. ಇನ್ನು ‘ಒಂದು ಫೇಸಿಗೆ ಅರ್ಥ್ ಹಾಕಿ ದೀಪ ಉರಿಸಿದೆವು’ ಎಂದರೆ ನ್ಯೂಟ್ರಲ್ ತಂತಿಯಿಲ್ಲದ ಕಡೆ ನೆಲಕ್ಕೆ ಗೂಟ ಹೊಡೆದು ಭೂಮಿಯನ್ನೇ ಹಿಂದಿರುಗುವ ದಾರಿಯಾಗಿ ಮಾಡಿಕೊಂಡೆವೆಂದು ತಾತ್ಪರ್ಯ. ಔಷಧಿಗೂ ರೋಗಕ್ಕೂ ಕುಪಥ್ಯಕ್ಕೂ ಒಂದೇ ಹೆಸರನ್ನಿಟ್ಟಂತಾಯಿತು! ಒಬ್ಬನು ಒಂದನ್ನು ಹೇಳಿ, ಕೇಳಿದವನು ಮತ್ತೊಂದನ್ನು ತಿಳಿದು ಸ್ಟಾರ್ಟರಿನ ಪೆಟ್ಟಿಗೆಗೆ ಕೈಯಿಕ್ಕಿದರೆ ಆಗುವ ಅನಾಹುತವನ್ನು ಊಹಿಸಬಹುದು.

ಈ ಶಬ್ದವು ಆಂಗ್ಲಭಾಷೆಯಲ್ಲಿ ಭೂಮಿಯೆಂದು ಅರ್ಥ ಕೊಡತಕ್ಕದ್ದು. ಕನ್ನಡದಲ್ಲಿ ‘ಅರ್ಥ’ವೆಂದರೆ ಮಾತಿನ ತಾತ್ಪರ್ಯವೂ ಹೌದು, ಹಣವೂ ಹೌದು. ನಮ್ಮ ರೈತರಲ್ಲಿ ಕೆಲವರು ‘ಅರ್ಥಕ್ಕೆ ಖರ್ಚು ಏಕೆ’ ಎಂದು ಅದನ್ನು ಬಿಟ್ಟುಬಿಡುವುದನ್ನು ನೋಡಿದರೆ ಈ ಶ್ಲೇಷೆ ನಗಿಸುವ ಬದಲು ಚಿಂತೆಯನ್ನೇ ಹುಟ್ಟಿಸುತ್ತದೆ. ಮೊದಲು ಈ ಪದವು ತಂತಿ ವರ್ತಮಾನದವರದು. ೧೮೩೮ರಲ್ಲಿ ಜರ್ಮನಿಯ ಸ್ಟೈನ್‌ಹೈಲ್ ಎಂಬ ಪಂಡಿತನು ಟೆಲಿಗ್ರಾಫಿಗೆ ಎರಡು ತಂತಿ ಬೇಕಿಲ್ಲ, ಒಂದು ತಂತಿಯಿದ್ದರೆ ಇನ್ನೊಂದರ ಕೆಲಸವನ್ನು ಭೂಮಿಯೇ ಮಾಡುತ್ತದೆಂದು ಕಂಡನು. ಹೀಗೆ ‘ಅರ್ಥ್’ ಎಂಬುದು ಮೊದಲಿಗೆ ತಂತಿ ಉಳಿಸುವ ಉಪಾಯವಾಗಿದ್ದು, ದೊಡ್ಡ ಒತ್ತಡದ ವಿದ್ಯುತ್ತು ಮನೆ ಕಾರ್ಖಾನೆಗಳಿಗೆ ಬಂದಮೇಲೆ ಪ್ರಾಣ ಉಳಿಸುವ ಉಪಾಯವಾಯಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುಚ್ಛಕ್ತಿ ಹರಿದ ನಮ್ಮ ಸೀಮೆಯಲ್ಲಿ ಈ ಪದ ಹೊಸದಲ್ಲ. ಸರ್ಕಾರಿ ಬರವಣಿಗೆಯಲ್ಲಿ ಇದನ್ನು ಭೂಸಂಪರ್ಕವೆಂದು ಕರೆಯುವರು. ಮುಂದೆ ಈ ಲೇಖನದಲ್ಲಿ ಭೂಸಂಪರ್ಕವೆಂದರೆ ಮೊದಲನೆಯ ಅರ್ಥ, ಎಂದರೆ ರಕ್ಷಣೆಗಾಗಿ ಯಂತ್ರದ ಮೈಯನ್ನು ಭೂಮಿಗೆ ಜೋಡಿಸುವುದು, ಎಂದು ಮಾತ್ರ ತಿಳಿಯತಕ್ಕದ್ದು.

ವಿದ್ಯುತ್ತು ಭೂಮಿಗೆ ಇಳಿದು ಅಲ್ಲಿಯೇ ಇಂಗಿಹೋಗುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ. ಇದು ಸರಿಯಲ್ಲ. ವಿದ್ಯುತ್ತು ಎಲ್ಲಿಂದ ಹೊರಟಿತೋ ಅಲ್ಲಿಗೆ ಹಿಂದಿರುಗಲು ದಾರಿಯಿದ್ದರೆ ಮಾತ್ರ ಹರಿಯುತ್ತದೆ. ಊರ ಮುಂದಿನ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ಲನ್ನು ವಿದ್ಯುತ್ ಕಂಪನಿಯವರು ಅದರ ಬುಡದಲ್ಲಿಯೇ ಭೂಮಿಗೆ ಜೋಡಿಸಿರುತ್ತಾರೆ. ಆದ್ದರಿಂದ ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತವನು ಫೇಸಿನ ತಂತಿಯನ್ನಾಗಲಿ, ಫೇಸು ತಗುಲಿದ ಕಬ್ಬಿಣವನ್ನಾಗಲಿ ಮುಟ್ಟಿದರೆ ವಿದ್ಯುತ್ತು ಅವನ ಕೈಯಿಂದ ಎದೆಯ ಮೂಲಕ ಕಾಲಿಗಿಳಿದು, ನೆಲದೊಳಗೆ ಹಾಯ್ದು ಟ್ರಾನ್ಸ್‌ಫಾರ್ಮರನ್ನು ಸೇರುತ್ತದೆ. ಆ ಕ್ಷಣದಲ್ಲಿ ಅವನೇ ತಂತಿ. ಒದ್ದೆ ಮೈಯ ರೋಧವನ್ನು ಸುಮಾರು ೧,೦೦೦ ಓಮು ಎಂದಿಟ್ಟುಕೊಂಡರೆ ೨೩೦ ವೋಲ್ಟಿಗೆ ೨೩೦ ಮಿಲಿ ಆಂಪಿಯರು ಹರಿಯುವುದು. ೧ ಮಿಲಿ ಆಂಪಿಯರು ಜುಮ್ಮೆನ್ನಿಸುತ್ತದೆ. ೧೦ರ ಸುಮಾರಿಗೆ ಕೈಯ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ೩೦ರ ಸುಮಾರಿಗೆ ಉಸಿರು ಕಟ್ಟುತ್ತದೆ. ೫೦ಕ್ಕೆ ಮೇಲ್ಪಟ್ಟು ಒಂದೆರಡು ಸೆಕೆಂಡು ಹರಿದರೆ ಹೃದಯವು ಲಯ ತಪ್ಪಿ ನಡುಗತೊಡಗುತ್ತದೆ. ಒಂದು ಸಣ್ಣ ದೀಪ ಉರಿಯಲು ಬೇಕಾಗುವಷ್ಟು ವಿದ್ಯುತ್ತು ಮನುಷ್ಯನನ್ನು ಕೊಲ್ಲಲು ಹೆಚ್ಚೇ ಆಯಿತು.

ಭೂಸಂಪರ್ಕದ ಕೆಲಸವೇನೆಂದರೆ, ಯಂತ್ರದ ಮೈಗೆ ವಿದ್ಯುತ್ತು ಬಂದೊಡನೆ ಅದಕ್ಕೆ ಮನುಷ್ಯನ ಮೈಗಿಂತ ಸುಲಭವಾದ ದಾರಿಯನ್ನು ಕೊಟ್ಟು, ಆ ದಾರಿಯಲ್ಲಿ ಬಹಳ ವಿದ್ಯುತ್ತು ಹರಿಯುವಂತೆ ಮಾಡಿ, ಫ್ಯೂಸನ್ನು ಕರಗಿಸುವುದು. ಪುಸ್ತಕದಲ್ಲಿ ಹೀಗಿದೆ. ನಮ್ಮ ನೆಲದಲ್ಲಿ ಹೀಗಾಗುತ್ತದೆಯೇ ಎಂಬುದನ್ನು ಮಾತ್ರ ಲೆಕ್ಕ ಹಾಕಿ ನೋಡಬೇಕು. ಭೂಮಿಯ ರೋಧವು ಮಣ್ಣಿನ ಜಾತಿಯನ್ನೂ ತೇವವನ್ನೂ ಅನುಸರಿಸಿರುವುದು. ಹಿರಿಯೂರಿನ ಕಡೆಯ ಹಸಿ ಎರೆಭೂಮಿಯಲ್ಲಿ ಅದು ಕಡಮೆ. ಹೊಸದುರ್ಗ ಹೊಳಲ್ಕೆರೆಗಳ ಗರಸು ಕೆಂಪುನೆಲದಲ್ಲಿಯೂ ಚಿತ್ರದುರ್ಗದ ಬಂಡೆಗಳ ಸೆರಗಿನಲ್ಲಿಯೂ ಬೇಸಗೆಯಲ್ಲಿ ಅದರ ಹತ್ತರಷ್ಟೋ ಇನ್ನೂ ಹೆಚ್ಚೋ ಆಗಬಹುದು. ಎರಡೂವರೆ ಮೀಟರು ಉದ್ದದ ಒಂದೂವರೆ ಅಂಗುಲದ ಕೊಳವೆಯನ್ನು, ೩೦ ಓಮ್-ಮೀಟರು ರೋಧವುಳ್ಳ ಹಸಿ ಎರೆಯಲ್ಲಿ ಹೂತರೆ ಅದರ ಭೂರೋಧ ಸುಮಾರು ೧೦ ಓಮು ಆಗುತ್ತದೆ. ಅದೇ ಕೊಳವೆಯನ್ನು ೩೦೦ ಓಮಿನ ಗರಸಿನಲ್ಲಿ ಹೂತರೆ ಸುಮಾರು ೧೦೦ ಓಮು.

ಈಗ ಟ್ರಾನ್ಸ್‌ಫಾರ್ಮರಿನ ಭೂಸಂಪರ್ಕಕ್ಕೆ ೫ ಓಮು ಎಂದು ಸೇರಿಸೋಣ. ಎರೆಯಲ್ಲಿ ೨೩೦ ವೋಲ್ಟನ್ನು ೧೫ರಿಂದ ಭಾಗಿಸಿದರೆ ಹರಿಯುವುದು ೧೫ ಆಂಪಿಯರು. ಗರಸಿನಲ್ಲಿ ೧೦೫ರಿಂದ ಭಾಗಿಸಿದರೆ ೨ ಆಂಪಿಯರಿಗೆ ಸ್ವಲ್ಪ ಹೆಚ್ಚು. ಐದು ಅಶ್ವಶಕ್ತಿಯ ಮೋಟಾರಿಗೆ ಹಾಕಿದ ೨೦ ಆಂಪಿಯರಿನ ಫ್ಯೂಸು ಇವೆರಡಕ್ಕೂ ಕದಲದು. ಆಗ ಯಂತ್ರದ ಮೈಮೇಲೆ ಉಳಿಯುವ ಒತ್ತಡ ಎರೆಯಲ್ಲಿ ಸುಮಾರು ೧೫೦ ವೋಲ್ಟು, ಗರಸಿನಲ್ಲಿ ಸುಮಾರು ೨೨೦ ವೋಲ್ಟು. ಅಂದರೆ ನೆಲದಲ್ಲಿ ಕೊಳವೆಯಿದೆ, ತಂತಿಯಿದೆ, ಸಂಪರ್ಕ ಸರಿಯಾಗಿದೆ, ಆದರೂ ಸ್ಟಾರ್ಟರಿನ ಪೆಟ್ಟಿಗೆ ಕೊಲ್ಲುತ್ತದೆ. ‘ಅರ್ಥ್ ಇತ್ತಲ್ಲಾ ಸ್ವಾಮಿ, ಆದರೂ ಹೇಗಾಯಿತು?’ ಎಂದು ಕೇಳುವ ಮನೆಯವರಿಗೆ ಉತ್ತರ ಈ ಲೆಕ್ಕದಲ್ಲಿದೆ. ಒಣಭೂಮಿಯ ಸೀಮೆಯಲ್ಲಿ ಭೂಸಂಪರ್ಕವೊಂದನ್ನೇ ನೆಚ್ಚುವುದು ಸಾಲದು. ಅದನ್ನು ಬಿಡುವುದಂತೂ ಸರ್ವಥಾ ಕೂಡದು.

ಸಾಲದಿರುವುದನ್ನು ತುಂಬಲು ಇನ್ನೊಂದು ಉಪಕರಣವಿದೆ. ಅಂಗಡಿಗಳಲ್ಲಿ ಅದನ್ನು ‘ಇ.ಎಲ್.ಸಿ.ಬಿ.’ ಎಂದೂ ಈಚೆಗೆ ‘ಆರ್.ಸಿ.ಸಿ.ಬಿ.’ ಎಂದೂ ಕರೆಯುವರು. ಕನ್ನಡದಲ್ಲಿ ಸೋರಿಕೆ ಕಡಿಯುವ ಸ್ವಿಚ್ಚು ಎನ್ನಬಹುದು. ೧೯೫೦ರ ದಶಕದಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ, ಒದ್ದೆಯಲ್ಲಿ ಕೆಲಸ ಮಾಡುವ ಆಳುಗಳ ರಕ್ಷಣೆಗಾಗಿ ಇದರ ಮೊದಲ ರೂಪಗಳನ್ನು ಬಳಸಿದರು. ಇದರ ತತ್ತ್ವ ಕಾಲುವೆಯ ನೀರಗಂಟಿಗೆ ಸುಲಭವಾಗಿ ತಿಳಿಯುವಂಥಾದ್ದು. ತೂಬಿನಲ್ಲಿ ಬಿಟ್ಟ ನೀರೆಷ್ಟು, ಕೊನೆಗೆ ತಲಪಿದ ನೀರೆಷ್ಟು ಎಂದು ಅಳೆದು, ವ್ಯತ್ಯಾಸ ಬಂದರೆ ನಡುವೆ ಎಲ್ಲಿಯೋ ಒಡ್ಡು ಒಡೆದಿದೆಯೆಂದು ತೂಬನ್ನು ಮುಚ್ಚುವಂತೆ, ಈ ಸ್ವಿಚ್ಚು ಹೋದ ವಿದ್ಯುತ್ತನ್ನೂ ಬಂದ ವಿದ್ಯುತ್ತನ್ನೂ ಸದಾ ತೂಗಿ ನೋಡುತ್ತಿರುತ್ತದೆ. ೩೦ ಮಿಲಿ ಆಂಪಿಯರಿನಷ್ಟು ಕಡಮೆಯಾಯಿತೋ, ಒಂದು ಸೆಕೆಂಡಿನ ಮೂರನೆಯ ಒಂದು ಭಾಗದೊಳಗಾಗಿ ಕಡಿದುಹಾಕುತ್ತದೆ. ಫ್ಯೂಸು ೨೦ ಆಂಪಿಯರಿಗೆ ಕಾದರೆ ಇದು ಅದರ ಆರುನೂರು ಪಾಲಿಗಿಂತ ಕಡಮೆಗೆ ಎಚ್ಚರಗೊಳ್ಳುವುದು. ನೂರು ಓಮಿನ ಬಡ ಭೂಸಂಪರ್ಕವೂ ಇದರ ಜೊತೆಗಿದ್ದರೆ ಸಾರ್ಥಕ: ಗರಸಿನಲ್ಲಿ ಹರಿದ ಆ ೨ ಆಂಪಿಯರೇ ಇದಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಇಲ್ಲಿ ಭೂಸಂಪರ್ಕದ ನಿಜವಾದ ಉಪಯೋಗ ಕಾಣುತ್ತದೆ. ಭೂಸಂಪರ್ಕವಿಲ್ಲದೆ ಈ ಸ್ವಿಚ್ಚನ್ನು ಮಾತ್ರ ಹಾಕಿದರೆ, ಯಂತ್ರದ ಮೈಗೆ ಬಂದ ವಿದ್ಯುತ್ತು ಯಾರಾದರೂ ಮುಟ್ಟುವ ತನಕ ಕಾದಿರುತ್ತದೆ. ಮುಟ್ಟಿದವನಿಗೆ ಪೆಟ್ಟು ಬಿದ್ದ ಮೇಲೆಯೇ ಸ್ವಿಚ್ಚು ಬೀಳುವುದು. ಎರಡೂ ಇದ್ದರೆ, ಸೋರಿಕೆ ಹುಟ್ಟಿದ ಗಳಿಗೆಯಲ್ಲಿಯೇ, ಯಾರೂ ಹತ್ತಿರವಿಲ್ಲದಾಗಲೇ ಬೀಳುವುದು. ಒಂದು ಮಿತಿಯನ್ನೂ ತಿಳಿದಿರಬೇಕು: ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದು ಕೈಯಲ್ಲಿ ನ್ಯೂಟ್ರಲ್ಲನ್ನೂ ಹಿಡಿದವನನ್ನು ಇದು ಕಾಪಾಡಲಾರದು, ಏಕೆಂದರೆ ಅಲ್ಲಿ ಸೋರಿಕೆಯಿಲ್ಲ, ಸ್ವಿಚ್ಚಿನ ಕಣ್ಣಿಗೆ ಅವನೂ ಒಂದು ದೀಪ.

ಹಳ್ಳಿಯ ಅಂಗಡಿಗಳಲ್ಲಿ ಎಲ್ಲ ಬಗೆಯ ಕಡಿತದ ಸ್ವಿಚ್ಚುಗಳಿಗೂ ‘ಟ್ರಿಪ್ಪರು’ ಎಂಬ ಒಂದೇ ಹೆಸರು. ‘ಎಂ.ಸಿ.ಬಿ.’ ಎಂಬುದು ತಂತಿ ಸುಡದಂತೆ ಕಾಪಾಡತಕ್ಕದ್ದು. ‘ಸಿಂಗಲ್ ಫೇಸ್ ಪ್ರಿವೆಂಟರ್’ ಎಂಬುದು ಒಂದು ಫೇಸು ತಪ್ಪಿದಾಗ ಮೋಟಾರು ಸುಡದಂತೆ ಕಾಪಾಡತಕ್ಕದ್ದು. ಮನುಷ್ಯನನ್ನು ಕಾಪಾಡತಕ್ಕದ್ದು ಸೋರಿಕೆಯ ಸ್ವಿಚ್ಚೊಂದೇ. ಕೊಳ್ಳುವಾಗ ಅದರ ಮುಖದ ಮೇಲೆ ‘ಟಿ’ ಎಂಬ ಗುರುತಿನ ಪರೀಕ್ಷೆಯ ಗುಂಡಿಯಿದೆಯೇ, ಎಷ್ಟು ಮಿಲಿ ಆಂಪಿಯರೆಂದು ಅಚ್ಚಾಗಿದೆಯೇ ಎಂದು ನೋಡಿ ತರತಕ್ಕದ್ದು. ವಾಸದ ಮನೆಗೂ ಕೊಟ್ಟಿಗೆಗೂ ೩೦ ಮಿಲಿ ಆಂಪಿಯರಿನದೇ ಆಗಬೇಕು. ನೂರಾರು ಅಡಿ ಆಳದ ಕೊಳವೆಬಾವಿಗಳಲ್ಲಿ ನೀರಿನೊಳಗೆ ನೆನೆಯುವ ಉದ್ದ ಕೇಬಲಿನಿಂದ ಸ್ವಾಭಾವಿಕವಾಗಿಯೇ ಸ್ವಲ್ಪ ಸೋರಿಕೆಯಿರುವುದರಿಂದ, ಅಂಥ ಕಡೆ ಪದೇ ಪದೇ ಬೀಳದಂತೆ ೧೦೦ ಮಿಲಿ ಆಂಪಿಯರಿನ ನಾಲ್ಕು ಪೋಲಿನದನ್ನು ಹಾಕುವುದುಂಟು. ಇದನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನೇ ಸ್ಥಳ ನೋಡಿ ನಿಶ್ಚಯಿಸಬೇಕು. ಸ್ವಿಚ್ಚು ಬೀಳುತ್ತದೆಂದು ಸಿಟ್ಟಾಗಿ ಅದನ್ನು ತಂತಿಯಿಂದ ದಾಟಿಸಿ ಮೋಟಾರು ಓಡಿಸುವವರನ್ನು ನೋಡಿದ್ದೇನೆ. ನಾಯಿ ಬೊಗಳುತ್ತದೆಂದು ನಾಯಿಯನ್ನು ಕೊಂದು ಕಳ್ಳನನ್ನು ಒಳಗೆ ಬಿಟ್ಟುಕೊಂಡಂತೆಯೇ ಸರಿ.

ಭೂಸಂಪರ್ಕದ ಗುಂಡಿಯ ವಿಷಯ. ಭಾರತೀಯ ಮಾನಕ ೩೦೪೩ರಲ್ಲಿ ಇದರ ಕ್ರಮವನ್ನು ವಿಸ್ತಾರವಾಗಿ ಕೊಟ್ಟಿದೆ. ಸತು ಲೇಪಿಸಿದ ಕಬ್ಬಿಣದ ಕೊಳವೆ ಒಳವ್ಯಾಸದಲ್ಲಿ ೩೮ ಮಿಲಿಮೀಟರಿಗೆ ಕಡಮೆಯಿಲ್ಲದೆ, ಉದ್ದದಲ್ಲಿ ೨.೫ ಮೀಟರು, ಎಂದರೆ ಎಂಟಡಿಗೆ ಸ್ವಲ್ಪ ಹೆಚ್ಚು ಇರಬೇಕು. ಪಂಪುಮನೆಯ ಗೋಡೆಯಿಂದ ಒಂದೂವರೆ ಮೀಟರಾದರೂ ದೂರ, ಸಾಧ್ಯವಾದರೆ ಬಚ್ಚಲು ನೀರೋ ತೊಟ್ಟಿಯ ಹೆಚ್ಚುನೀರೋ ಇಂಗುವ ತಗ್ಗಿನಲ್ಲಿ ಅಗೆಯಬೇಕು. ಕೊಳವೆಯ ಸುತ್ತ ಇದ್ದಿಲನ್ನೂ ಉಪ್ಪನ್ನೂ ಪದರಪದರವಾಗಿ ತುಂಬುವುದು ಹಿಂದಿನಿಂದ ಬಂದ ಪದ್ಧತಿ. ಉಪ್ಪು ಮಳೆಯಲ್ಲಿ ಕರಗಿಹೋಗುವುದೂ ಅಲ್ಲದೆ ಕೊಳವೆಯನ್ನು ತಿನ್ನುವುದರಿಂದ ಈಗ ಬೆಂಟೊನೈಟ್ ಎಂಬ ಜೇಡಿಯನ್ನು ತುಂಬುವುದುಂಟು. ಖರ್ಚು ತುಸು ಹೆಚ್ಚಾದರೂ ಗರಸುನೆಲಕ್ಕೆ ಅದೇ ಮೇಲೆಂದು ನನ್ನ ಅಭಿಪ್ರಾಯ. ಕೊಳವೆಯ ಬಾಯಿಗೆ ಕೊಡೆಯಾಕಾರದ ಆಲಿಕೆಯಿಟ್ಟು, ಬೇಸಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಬೇಕು. ಅಡಕೆಗಿಡಕ್ಕೆ ನೀರು ಬಿಡುವ ಆಳಿಗೆ ಇದೊಂದು ಹೆಚ್ಚಿನ ಕೆಲಸವಲ್ಲ. ಮೂರು ಫೇಸಿನ ಮೋಟಾರಿಗೆ ಬೇರೆ ಬೇರೆಯಾದ ಎರಡು ಭೂಸಂಪರ್ಕಗಳಿರಬೇಕೆಂಬುದು ನಿಯಮ. ಎರಡು ಕೊಳವೆಗಳ ನಡುವೆ ಐದು ಮೀಟರಿನ ಅಂತರವಿದ್ದರೆ ಅವು ಒಂದಕ್ಕೊಂದು ಸಹಾಯಕವಾಗುವುವು. ತಂತಿಯನ್ನು ಕೊಳವೆಗೆ ಸುತ್ತಿಬಿಡದೆ ನಟ್ಟು ಬೋಲ್ಟು ಹಾಕಿ ಬಿಗಿಯಬೇಕು. ಅನೇಕ ತೋಟಗಳಲ್ಲಿ ಈ ಗಂಟು ತುಕ್ಕು ಹಿಡಿದು, ಮುಟ್ಟಿದರೆ ಉದುರುವ ಸ್ಥಿತಿಯಲ್ಲಿರುವುದು.

ಹಿಂದೆ ಕೊಳವೆಬಾವಿಗೆ ಕಬ್ಬಿಣದ ಕೇಸಿಂಗೂ ಕಬ್ಬಿಣದ ಪೈಪುಗಳೂ ಇದ್ದವು. ಅವು ತಾವಾಗಿಯೇ ಉತ್ತಮ ಭೂಸಂಪರ್ಕವಾಗಿದ್ದವು. ಈಗ ಕೇಸಿಂಗು ಪಿ.ವಿ.ಸಿ., ಪೈಪು ಎಚ್.ಡಿ.ಪಿ.ಇ.; ಇವುಗಳಲ್ಲಿ ವಿದ್ಯುತ್ತು ಹರಿಯದು. ಮೋಟಾರಿಗೆ ಇಳಿಸುವ ಚಪ್ಪಟೆ ಕೇಬಲಿನಲ್ಲಿ ಇರುವುದು ಮೂರೇ ಎಳೆ, ಭೂಸಂಪರ್ಕಕ್ಕೆ ಎಳೆಯಿಲ್ಲ. ಪಾತಾಳದಲ್ಲಿರುವ ಮೋಟಾರನ್ನು ಯಾರೂ ಮುಟ್ಟುವುದಿಲ್ಲವಾದರೂ ಬಾವಿಯ ಬಾಯಿನ ಕಬ್ಬಿಣದ ಬೆಂಡು, ಗೇಟುವಾಲ್ವು, ಸ್ಟಾರ್ಟರು, ಅದರ ಕಬ್ಬಿಣದ ಪೆಟ್ಟಿಗೆ ಇವುಗಳನ್ನು ದಿನವೂ ಮುಟ್ಟುವರು. ಹಳೆಯ ಬಾವಿಯ ಧೈರ್ಯದಿಂದ ಹೊಸ ಬಾವಿಯ ಬಳಿ ನಡೆದುಕೊಳ್ಳಬಾರದು.

ಇನ್ನು ಆ ಮೂರನೆಯ ‘ಅರ್ಥ್’. ಮೂರು ಫೇಸು ಬರುವ ವೇಳೆ ಕಳೆದ ಮೇಲೆ ತೋಟದ ಮನೆಯಲ್ಲಿ ಒಂದು ದೀಪವಾದರೂ ಉರಿಯಲೆಂದು, ಒಂದು ಫೇಸಿನ ತಂತಿಯನ್ನೂ ನೆಲಕ್ಕೆ ಹೊಡೆದ ಕಬ್ಬಿಣದ ಗೂಟವನ್ನೂ ಸೇರಿಸುವವರ ಕಷ್ಟವನ್ನು ನಾನು ಅರಿಯದವನಲ್ಲ. ಮಕ್ಕಳು ಓದಬೇಕು, ಹಾವು ಹುಳದ ಭಯ, ಕರಡಿಯ ಭಯ. ಆದರೆ ಗೂಟದ ರೋಧ ೫೦ ಓಮು, ಹರಿಯುವುದು ೨ ಆಂಪಿಯರು ಎಂದರೆ ಗೂಟದ ತಲೆಯ ಮೇಲೆ ೧೦೦ ವೋಲ್ಟು ನಿಂತಿರುತ್ತದೆ. ಗೂಟದಿಂದ ದೂರ ಹೋದಂತೆ ನೆಲದ ಒತ್ತಡ ಇಳಿಯುತ್ತಾ ಹೋಗುತ್ತದೆ. ತಂತಿ ಗೂಟದಿಂದ ಕಳಚಿತೋ, ಆ ತುದಿಯಲ್ಲಿ ದೀಪದ ಮೂಲಕ ಬಂದ ಪೂರ್ಣ ೨೩೦ ವೋಲ್ಟು ಕಾದು ಕುಳಿತಿರುವುದು. ಮನುಷ್ಯನ ಎರಡು ಕಾಲು ಒತ್ತಟ್ಟಿಗೆ ಇರುತ್ತವೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ನಾಲ್ಕೈದು ಅಡಿ. ಆ ನಾಲ್ಕೈದು ಅಡಿಗಳ ಒತ್ತಡದ ವ್ಯತ್ಯಾಸವು ಅದರ ಹೃದಯದ ಮೂಲಕವೇ ಹಾಯುವುದು. ಒಂದೇ ನೆಲದ ಮೇಲೆ ಒಡೆಯನು ಉಳಿದು ಎತ್ತು ಸಾಯುವುದಕ್ಕೆ ಕಾರಣವಿದು. ದೃಷ್ಟಿಯೂ ಅಲ್ಲ, ಮಾಟವೂ ಅಲ್ಲ. ಸೋರಿಕೆಯ ಸ್ವಿಚ್ಚು ಇರುವ ಕಡೆ ಈ ಗೂಟದ ದೀಪ ಹತ್ತುವುದೇ ಇಲ್ಲ, ಕೂಡಲೆ ಕಡಿಯುವುದು. ಗೂಟದವರು ಸ್ವಿಚ್ಚನ್ನು ದ್ವೇಷಿಸುವುದು ಇದರಿಂದಲೇ. ಒಂದು ದೀಪಕ್ಕೆ ಈಗ ಸಣ್ಣ ಸೌರಫಲಕ ಸಾಕು.

ರಾಸುಗಳ ನಡತೆಯಿಂದಲೂ ದೋಷವನ್ನು ಮುಂಚೆಯೇ ತಿಳಿಯಬಹುದು. ಮನುಷ್ಯನ ಕೈಗೆ ತಿಳಿಯದ ಕೆಲವೇ ವೋಲ್ಟುಗಳು ದನದ ಒದ್ದೆ ಮೂತಿಗೆ ತಿಳಿಯುತ್ತವೆ. ಪಂಪುಮನೆಯ ಬಳಿಯ ತೊಟ್ಟಿಗೆ ಬಾಯಿಟ್ಟ ಹಸು ಬೆಚ್ಚಿ ಹಿಂದೆ ಸರಿದರೆ, ಬಾಯಾರಿದ್ದರೂ ನೀರನ್ನು ನೆಕ್ಕಿ ನೆಕ್ಕಿ ಬಿಟ್ಟರೆ, ನೀರಿನಲ್ಲಿ ರುಚಿ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಮೈನ್ ಸ್ವಿಚ್ಚನ್ನು ಆರಿಸಿ ಮತ್ತೆ ಕುಡಿಸಿ ನೋಡತಕ್ಕದ್ದು. ಆಗ ಕುಡಿದರೆ ಪಶುವೈದ್ಯರನ್ನಲ್ಲ, ವಿದ್ಯುತ್ ಕೆಲಸದವನನ್ನು ಕರೆಸಬೇಕು.

ಭೂಸಂಪರ್ಕಕ್ಕೆ ಮೀರಿದ ಅಪಾಯಗಳೂ ಇವೆ. ಅಡಕೆ ಕೊನೆ ಕೀಳುವ ಅಲ್ಯೂಮಿನಿಯಮ್ ದೋಟಿ ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ತಗುಲಿದರೆ ತೋಟದ ಯಾವ ಸ್ವಿಚ್ಚೂ ಅದನ್ನು ತಡೆಯಲಾರದು. ಈಚೆಗೆ ಬಂದಿರುವ ಕಾರ್ಬನ್ ಫೈಬರಿನ ದೋಟಿ ಲೋಹವಲ್ಲವಾದ್ದರಿಂದ ನಿರಪಾಯವೆಂದು ಕೆಲವರು ತಿಳಿದಿದ್ದಾರೆ. ಕಾರ್ಬನ್ನಿನಲ್ಲಿಯೂ ವಿದ್ಯುತ್ತು ಹರಿಯುವುದರಿಂದ ಇದು ಪ್ರಾಣಾಂತಿಕವಾದ ತಪ್ಪು ತಿಳಿವಳಿಕೆ. ತಂತಿಯ ಕೆಳಗಿನ ಮರಗಳ ಕೊಯ್ಲನ್ನು ಆ ದಿನ ಲೈನು ತೆಗೆಸಿದ ಮೇಲೆಯೇ ಮಾಡಿಸಬೇಕು. ಹಂದಿ ಕರಡಿಗಳಿಗಾಗಿ ಬೇಲಿಗೆ ನೇರವಾಗಿ ಲೈನಿನ ವಿದ್ಯುತ್ತು ಹರಿಸುವುದು ಅಪರಾಧ. ೨೦೦೩ರ ವಿದ್ಯುತ್ ಕಾಯಿದೆಯೂ ೧೯೭೨ರ ವನ್ಯಜೀವಿ ಕಾಯಿದೆಯೂ ಎರಡೂ ಅಲ್ಲಿ ಎದುರಾಗುವುವು. ಮಾನಕಕ್ಕೆ ಒಪ್ಪುವ ಬೇಲಿಯಂತ್ರವು ಕ್ಷಣಮಾತ್ರದ ಮಿಡಿತಗಳನ್ನು ಮಾತ್ರ ಬಿಟ್ಟು ಪ್ರಾಣಿಯನ್ನು ಹೆದರಿಸಿ ಓಡಿಸುವುದೇ ಹೊರತು ಕೊಲ್ಲುವುದಿಲ್ಲ.

ಗ್ರಾಮದ ಪ್ರಮುಖರು ಒಂದು ಕೆಲಸವನ್ನು ಸುಲಭವಾಗಿ ಮಾಡಿಸಬಹುದು. ಭೂರೋಧ ಅಳೆಯುವ ಯಂತ್ರವನ್ನು ಒಬ್ಬ ರೈತನು ಕೊಳ್ಳುವುದು ವ್ಯರ್ಥ. ಗುತ್ತಿಗೆದಾರನನ್ನು ವರ್ಷಕ್ಕೊಮ್ಮೆ, ನೆಲ ತೀರಾ ಒಣಗಿರುವ ಏಪ್ರಿಲಿನಲ್ಲಿ, ಊರಿಗೆ ಕರೆಸಿ ಎಲ್ಲ ಪಂಪುಮನೆಗಳನ್ನೂ ಒಂದೇ ಸಲ ಪರೀಕ್ಷೆ ಮಾಡಿಸಿದರೆ ತಲೆಗೆ ಬೀಳುವ ಖರ್ಚು ಅಲ್ಪ. ಮಳೆಗಾಲದಲ್ಲಿ ಬಂದ ಒಳ್ಳೆಯ ಅಂಕಿಯನ್ನು ನಂಬಬಾರದು. ಸ್ವಿಚ್ಚಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ಬೀಳುವುದೇ ಎಂದು ನೋಡುವುದನ್ನು ಅಮಾವಾಸ್ಯೆಯ ದಿನಕ್ಕೆ ಇಟ್ಟುಕೊಂಡಿರುವ ಮನೆಗಳುಂಟು. ಮರೆಯದಿರಲು ಇದು ಒಳ್ಳೆಯ ಉಪಾಯ. ಸ್ಟಾರ್ಟರಿಗೆ ‘ಆಟೊ’ ಹಾಕಿರುವ ಕಡೆ ಕರೆಂಟು ಹೋಗಿದೆಯೆಂದು ನಂಬಿ ಕೈಯಿಡಕೂಡದು, ಅದು ಯಾವ ಗಳಿಗೆಯಲ್ಲಿಯಾದರೂ ಬಂದು ಮೋಟಾರು ತಾನೇ ಹೊರಡುವುದು. ಮೈನ್ ಸ್ವಿಚ್ಚನ್ನು ಕೆಳಗೆಳೆದು ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಕೆಲಸ ಪ್ರಾರಂಭಿಸಬೇಕು.

ಯಾರಿಗಾದರೂ ಪೆಟ್ಟು ಬಿದ್ದರೆ ಅವನನ್ನು ಮುಟ್ಟದೆ ಮೊದಲು ಮೈನನ್ನು ಆರಿಸತಕ್ಕದ್ದು. ಅದು ದೂರವಿದ್ದರೆ ಒಣಗಿದ ಮರದ ಗಳುವಿನಿಂದ ತಂತಿಯನ್ನು ಸರಿಸಬಹುದು; ಹಸಿ ಕೊಂಬೆ ಕೂಡದು; ಹನ್ನೊಂದು ಸಾವಿರದ ತಂತಿಯಾದರೆ ಗಳುವೂ ಕೂಡದು, ಹತ್ತಿರ ಹೋಗದೆ ೧೯೧೨ಕ್ಕೆ ತಿಳಿಸಿ ಲೈನು ತೆಗೆಸಬೇಕು. ಉಸಿರು ನಿಂತಿದ್ದರೆ ಸತ್ತನೆಂದು ಬಿಡದೆ, ಎದೆಯ ನಡುವೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಎರಡು ಅಂಗುಲ ತಗ್ಗುವಂತೆ ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತುತ್ತಾ, ೧೦೮ರ ಗಾಡಿ ಬರುವ ತನಕ ಆಳು ಬದಲಿಸಿಕೊಂಡು ನಡೆಸಬೇಕು. ಅವಘಡದ ಸ್ಥಳದ ತಂತಿ, ಸ್ವಿಚ್ಚು, ಗೂಟಗಳನ್ನು ಹೆದರಿಕೆಯಿಂದ ಕಿತ್ತು ಬಚ್ಚಿಡಬಾರದು. ಕಾಯಿದೆಯ ೧೬೧ನೆಯ ಪ್ರಕರಣದಂತೆ ವಿದ್ಯುತ್ತಿನಿಂದಾದ ಜೀವಹಾನಿಯ ವರದಿ ವಿದ್ಯುತ್ ಪರಿವೀಕ್ಷಕರಿಗೆ ಹೋಗಬೇಕು. ಅವರು ಬಂದು ನೋಡುವಾಗ ಸ್ಥಳವು ಇದ್ದಂತೆಯೇ ಇದ್ದರೆ ತಪ್ಪು ಲೈನಿನದೋ ತೋಟದ್ದೋ ಎಂಬುದು ನಿರ್ಧಾರವಾಗುವುದು, ಸತ್ತವನ ಮನೆಯವರ ಪರಿಹಾರವೂ ಆ ನಿರ್ಧಾರವನ್ನೇ ಅವಲಂಬಿಸಿರುವುದು.